ಗುಜರಿಯಿಂದ ಊರ ಎತ್ತು: ಸಣ್ಣ ಪಟ್ಟಣಗಳಲ್ಲಿ ಲೋಹದ ಪ್ರಾಣಿಶಿಲ್ಪ ನಿಲ್ಲಿಸುವ ಬಗೆ

ಅಮೆರಿಕದ ನಾರ್ತ್ ಡಕೋಟ ರಾಜ್ಯದಲ್ಲಿ ರೀಜೆಂಟ್ ಎಂಬ ಪುಟ್ಟ ಊರಿದೆ. ಅಂತರರಾಜ್ಯ ಹೆದ್ದಾರಿಯಿಂದ 32 ಮೈಲಿ ಒಳಗಿರುವ ಈ ಊರು ವರ್ಷದಿಂದ ವರ್ಷಕ್ಕೆ ಬರಿದಾಗುತ್ತಿರುವುದನ್ನು ಕಂಡ ಗ್ಯಾರಿ ಗ್ರೆಫ್ ಎಂಬ ಮಾಜಿ ಶಾಲಾ ಶಿಕ್ಷಕರು, ಕಳೆದ ಶತಮಾನದ 80ರ ದಶಕದ ಕೊನೆಯಲ್ಲಿ, ಹೆದ್ದಾರಿಯ ಪ್ರಯಾಣಿಕರನ್ನು ಊರಿನ ಕಡೆಗೆ ಸೆಳೆಯುವ ಯೋಚನೆಯೊಂದನ್ನು ಮಾಡಿದರು. ರಸ್ತೆಯ ಬದಿಯ ರೈತರ ಜಮೀನುಗಳಲ್ಲಿ, ಹಳೆಯ ಟ್ಯಾಂಕು, ಕೊಳವೆ, ತಗಡುಗಳಿಂದ ಮಿಡತೆ, ಜಿಂಕೆ, ಮೀನು, ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಗಳ ದೈತ್ಯಾಕೃತಿಗಳನ್ನು ಒಂದೊಂದಾಗಿ ನಿಲ್ಲಿಸಿದರು. 2001ರಲ್ಲಿ ಮುಗಿದ ಹಾರುವ ಹೆಬ್ಬಾತುಗಳ ಶಿಲ್ಪ 100 ಅಡಿಗಿಂತ ಎತ್ತರವಿದ್ದು, ಗುಜರಿ ಲೋಹದ ಜಗತ್ತಿನ ಅತಿ ದೊಡ್ಡ ಶಿಲ್ಪವೆಂದು ಗಿನ್ನೆಸ್ ದಾಖಲೆಗೆ ಸೇರಿತು. ಪಕ್ಕದ ಸೌತ್ ಡಕೋಟದ ಲೆಮನ್ ಎಂಬ ಊರಿನ ಸೀಮೆಯಲ್ಲಿ ದನಗಾವಲಿನ ಕುಟುಂಬದಲ್ಲಿ ಬೆಳೆದ ಜಾನ್ ಲೋಪೆಜ್ ಅವರದು ಬೇರೆಯೇ ದಾರಿ. ಕಂಚಿನ ಶಿಲ್ಪದಲ್ಲಿ ಪಳಗಿದ್ದ ಅವರು ಸುತ್ತಲಿನ ಹೊಲಮನೆಗಳಲ್ಲಿ ಬಿದ್ದಿದ್ದ ಕೃಷಿ ಉಪಕರಣಗಳಿಂದ ಕಾಡೆಮ್ಮೆ, ಕುದುರೆ, ಕರಡಿಗಳನ್ನು ಬೆಸೆದರು.

ಈ ಎರಡು ದಾರಿಗಳ ನಡುವಿನ ವ್ಯತ್ಯಾಸವನ್ನು ಕೆಲಸಕ್ಕೆ ಕೈಹಾಕುವ ಮೊದಲೇ ಮನಗಾಣಬೇಕು. ರೀಜೆಂಟಿನ ಶಿಲ್ಪಗಳು ಓಡುವ ಕಾರಿನೊಳಗಿನಿಂದ ನೋಡುವಂಥವು. ಲೆಮನ್ನಿನವು ಹತ್ತಿರ ನಿಂತು, ಇದು ಯಾವ ಯಂತ್ರದ ಹಲ್ಲು, ಅದು ಯಾವ ಸಲಿಕೆಯ ತುಂಡು ಎಂದು ಗುರುತಿಸುತ್ತ ನೋಡುವಂಥವು. ಕರ್ನಾಟಕದ ತಾಲ್ಲೂಕು ಕೇಂದ್ರಕ್ಕೋ ಹೋಬಳಿ ಊರಿಗೋ ಎರಡನೆಯ ದಾರಿಯೇ ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಊರುಗಳಲ್ಲಿ ಜನ ನಡೆದೇ ಓಡಾಡುತ್ತಾರೆ, ಬಸ್ಸಿಗೆ ಕಾಯುತ್ತಾರೆ, ಕಂಡದ್ದನ್ನು ಮುಟ್ಟಿ ನೋಡುತ್ತಾರೆ. ಅವರು ಶಿಲ್ಪದ ಬಳಿ ಬಂದು ತಮ್ಮ ಮನೆಯ ಕುಂಟೆಯ ಕುಡವನ್ನು ಅದರ ಪಕ್ಕೆಯಲ್ಲಿ ಗುರುತಿಸುವಂತಿದ್ದರೆ ಅದು ಊರಿನದಾಗುತ್ತದೆ. ಇಲ್ಲವಾದರೆ ಗುತ್ತಿಗೆದಾರ ತಂದಿಟ್ಟ ಅಲಂಕಾರವಾಗಿಯೇ ಉಳಿಯುತ್ತದೆ. ಮುಂದಿನ ಸೂಚನೆಗಳೆಲ್ಲ ಈ ಒಂದು ಮಾತನ್ನು ಆಧರಿಸಿವೆ.

ಯಾವ ಪ್ರಾಣಿ, ಯಾವ ಗುಜರಿ

ಆನೆ, ಸಿಂಹ, ಹುಲಿಗಳನ್ನು ಬದಿಗಿಡುವುದು ಲೇಸು. ಅವು ಎಲ್ಲ ಊರಿನ ಉದ್ಯಾನಗಳಲ್ಲೂ ಸಿಮೆಂಟಿನಲ್ಲಿ ಈಗಾಗಲೇ ನಿಂತಿವೆ. ಪ್ರತಿಯೊಂದು ಸೀಮೆಗೂ ತನ್ನದೇ ಆದ ಪ್ರಾಣಿಯೊಂದು ಇದ್ದೇ ಇರುತ್ತದೆ: ರಾಣೆಬೆನ್ನೂರಿಗೆ ಕೃಷ್ಣಮೃಗ, ದರೋಜಿಯ ಸುತ್ತಲಿನ ಊರುಗಳಿಗೆ ಕರಡಿ, ಮುಧೋಳಕ್ಕೆ ಬೇಟೆನಾಯಿ, ರಾಮನಗರಕ್ಕೆ ರಣಹದ್ದು, ಕೊಕ್ಕರೆ ಬೆಳ್ಳೂರಿನ ಸೀಮೆಗೆ ಹೆಜ್ಜಾರ್ಲೆ, ಅಜ್ಜಂಪುರಕ್ಕೆ ಅಮೃತಮಹಲ್ ರಾಸು, ಹಳೇ ಮೈಸೂರಿನ ಬಯಲಿಗೆ ಹಳ್ಳಿಕಾರ್ ಎತ್ತು. ಗುಜರಿಗೂ ಹಾಗೆಯೇ ಊರಿನ ಗುರುತಿರುತ್ತದೆ. ದೊಡ್ಡಬಳ್ಳಾಪುರ, ಇಳಕಲ್ಲುಗಳಲ್ಲಿ ಮಗ್ಗದ ಬಿಡಿಭಾಗಗಳು ಸಿಗುತ್ತವೆ. ಮಂಡ್ಯದ ಕಡೆ ಆಲೆಮನೆಯ ಗಾಣದ ಹಲ್ಲುಚಕ್ರಗಳು. ಬೆಳಗಾವಿಯಲ್ಲಿ ಫೌಂಡ್ರಿಯ ಉಳಿಕೆಗಳು. ಬಯಲುಸೀಮೆಯ ಯಾವ ಊರಿಗೆ ಹೋದರೂ ಬತ್ತಿದ ಕೊಳವೆಬಾವಿಗಳಿಂದ ಎತ್ತಿಹಾಕಿದ ಪೈಪುಗಳು. ಪ್ರಾಣಿ ಮತ್ತು ಗುಜರಿ ಎರಡನ್ನೂ ಒಟ್ಟಿಗೆ ಯೋಚಿಸಿದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ತೆಳ್ಳನೆಯ ಕಾಲು, ಸುರುಳಿ ಕೊಂಬಿನ ಕೃಷ್ಣಮೃಗಕ್ಕೆ ಪೈಪು ಮತ್ತು ಸ್ಪ್ರಿಂಗುಗಳು ಒಗ್ಗುತ್ತವೆ. ದಟ್ಟ ಕೂದಲಿನ ಕರಡಿಗೆ ಸಾವಿರಾರು ಸಣ್ಣ ತುಂಡುಗಳು ಬೇಕು. ಎತ್ತಿಗೆ ಬೇಸಾಯದ ಸಾಮಾನುಗಳಿಗಿಂತ ಬೇರೆ ಬೇಕಿಲ್ಲ. ಈ ಬರಹದಲ್ಲಿ ಉದಾಹರಣೆಗೆ ಹಳ್ಳಿಕಾರ್ ಎತ್ತನ್ನೇ ಇಟ್ಟುಕೊಳ್ಳುತ್ತೇನೆ. ನಿಜ ಗಾತ್ರದ ಒಂದೂವರೆ ಪಟ್ಟು, ಅಂದರೆ ಹಿಣಿಲಿನವರೆಗೆ ಸುಮಾರು 7 ಅಡಿ ಎತ್ತರವಿದ್ದರೆ ಸಾಕು.

ಜಾಗ ಮತ್ತು ಅನುಮತಿ

ನಮ್ಮಲ್ಲಿ ಪ್ರತಿಮೆ ಎಂದೊಡನೆ ಎಲ್ಲರ ಕಣ್ಣೂ ವೃತ್ತದ ಮೇಲೆಯೇ ಬೀಳುತ್ತದೆ. ಆದರೆ ರಸ್ತೆ, ಪಾದಚಾರಿ ಮಾರ್ಗ ಮತ್ತು ಇತರ ಸಾರ್ವಜನಿಕ ಬಳಕೆಯ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪನೆಗೆ ರಾಜ್ಯ ಸರ್ಕಾರಗಳು ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲಿ ಆದೇಶಿಸಿದೆ. ರಸ್ತೆಗಳ ಸೌಂದರ್ಯೀಕರಣಕ್ಕೆ ಅದೇ ಆದೇಶದಲ್ಲಿ ವಿನಾಯಿತಿ ಇದೆಯೆಂಬುದು ನಿಜವಾದರೂ, ಎತ್ತಿನ ಶಿಲ್ಪ ಅದರೊಳಗೆ ಬರುತ್ತದೆಯೋ ಇಲ್ಲವೋ ಎಂಬ ವಾದಕ್ಕೆ ಇಳಿಯುವುದಕ್ಕಿಂತ ಬೇರೆ ಜಾಗ ನೋಡಿಕೊಳ್ಳುವುದೇ ಜಾಣತನ. ಪುರಸಭೆಯ ಉದ್ಯಾನ, ಗ್ರಂಥಾಲಯದ ಅಂಗಳ, ಸಂತೆ ಮೈದಾನದ ಅಂಚು, ಶಾಲೆಯ ಆವರಣ ಇವೆಲ್ಲ ಒಳ್ಳೆಯ ಜಾಗಗಳು. ವೃತ್ತಕ್ಕೆ ಇನ್ನೊಂದು ತೊಡಕೂ ಉಂಟು: ಅಲ್ಲಿ ಯಾರ ಪ್ರತಿಮೆ ಬರಬೇಕೆಂಬ ಹಳೆಯ ಜಗಳ ಬಹುತೇಕ ಊರುಗಳಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ; ಎತ್ತನ್ನು ಅದರ ನಡುವೆ ತಂದು ನಿಲ್ಲಿಸುವುದು ಎತ್ತಿಗೂ ಒಳ್ಳೆಯದಲ್ಲ.

ಅನುಮತಿ ಬಾಯಿಮಾತಿನದಾಗಿರಬಾರದು. ಪಟ್ಟಣ ಪಂಚಾಯಿತಿ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಸಭೆಯಲ್ಲಿ ನಿರ್ಣಯವಾಗಿ, ಜಾಗದ ಸರ್ವೆ ನಂಬರು, ಶಿಲ್ಪದ ಅಳತೆ, ಖರ್ಚು ಭರಿಸುವವರು, ನಿರ್ವಹಣೆಯ ಹೊಣೆ ಇವು ನಡಾವಳಿಯಲ್ಲಿ ದಾಖಲಾಗಬೇಕು. ಕಲಾವಿದರೊಂದಿಗೆ ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕು. ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಉಗ್ರಾಣಕ್ಕೆ ಹಾಕಲಾಗಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪದ ಸಲುವಾಗಿ ಅಮರನಾಥ ಸೆಹಗಲ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2005ರಲ್ಲಿ ಕಲಾವಿದರ ಪರವಾಗಿ ತೀರ್ಪು ನೀಡಿತು. ಕೃತಿಯನ್ನು ಕೊಂಡವರಿಗೂ ಅದನ್ನು ಮನಬಂದಂತೆ ಹಾಳುಗೆಡವುವ ಹಕ್ಕಿಲ್ಲವೆಂಬುದು ಅದರ ಸಾರ. ಸ್ಥಳಾಂತರ, ಬಣ್ಣ ಬದಲಾವಣೆ, ದುರಸ್ತಿ ಇವನ್ನು ಯಾರು ಹೇಗೆ ಮಾಡಬಹುದೆಂದು ಮೊದಲೇ ಬರೆದಿಟ್ಟರೆ ಮುಂದೆ ಮನಸ್ತಾಪವಾಗದು.

ಗುಜರಿಯ ಆಯ್ಕೆ

ಗುಜರಿ ಅಂಗಡಿಯಿಂದ ಕೊಳ್ಳುವುದಾದರೆ ರಸೀದಿ ಪಡೆಯಲೇಬೇಕು. ರೈಲುಹಳಿಯ ತುಂಡು, ಮ್ಯಾನ್‌ಹೋಲ್ ಮುಚ್ಚಳ, ವಿದ್ಯುತ್ ಗೋಪುರದ ಆಂಗಲ್ಲುಗಳು ಎಷ್ಟೇ ಚೆನ್ನಾಗಿ ಕಂಡರೂ ಮುಟ್ಟಬಾರದು. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದಕ್ಕೆ 1966ರ ಪ್ರತ್ಯೇಕ ಕಾಯಿದೆಯೇ ಇದೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಒಂದು ಸಂತೆಯ ದಿನ ಮೈದಾನದಲ್ಲಿ ಮೇಜು ಹಾಕಿ ಕುಳಿತು, ಜನರು ತಂದುಕೊಡುವ ಹಳೆಯ ಸಾಮಾನುಗಳನ್ನು ಸ್ವೀಕರಿಸಿ, ಯಾರು ಏನು ಕೊಟ್ಟರೆಂದು ಪುಸ್ತಕದಲ್ಲಿ ಬರೆದುಕೊಳ್ಳುವುದು. ಸವೆದ ನೇಗಿಲ ಕುಳ, ಕುಂಟೆಯ ಕುಡ, ಮುರಿದ ಕುಡುಗೋಲು, ಎತ್ತಿನ ಲಾಳ, ಗಾಡಿಚಕ್ರದ ಹಳಿ, ರೋಟವೇಟರಿನ ಬ್ಲೇಡು, ಮೋಟಾರುಸೈಕಲ್ಲಿನ ಚೈನು ಇವೆಲ್ಲ ಹೀಗೆ ಬರುತ್ತವೆ. ಬೈಕುಗಳ ಗ್ಯಾರೇಜಿನವರು ಸ್ಪ್ರಾಕೆಟ್ಟು, ಬೇರಿಂಗುಗಳನ್ನು ಬುಟ್ಟಿಗಟ್ಟಲೆ ಕೊಡುತ್ತಾರೆ.

ಬಂದದ್ದನ್ನೆಲ್ಲ ಬೆಸೆಯಲಾಗದು. ಅಯಸ್ಕಾಂತ ಹಿಡಿಯದ ಅಲ್ಯುಮಿನಿಯಂ ಮತ್ತು ಹಿತ್ತಾಳೆಗಳು ಉಕ್ಕಿಗೆ ಬೆಸುಗೆಯಾಗುವುದಿಲ್ಲ. ಅವುಗಳಿಗೆ ಬೋಲ್ಟೇ ಗತಿ. ಉಳಿದ ಕಬ್ಬಿಣದಲ್ಲಿ ಯಾವುದು ಯಾವ ಜಾತಿಯದೆಂದು ತಿಳಿಯಲು ಗ್ರೈಂಡರಿನ ಕಿಡಿ ನೋಡಬೇಕು. ಸಾಧಾರಣ ಮೆದು ಉಕ್ಕಿನಿಂದ ಉದ್ದನೆಯ ನೇರವಾದ ಹಳದಿ ಗೆರೆಗಳು ಬರುತ್ತವೆ. ಲಾರಿಯ ಕಮಾನ್ ಪಟ್ಟಿಯಂಥ ಇಂಗಾಲ ಹೆಚ್ಚಿರುವ ಉಕ್ಕಿನಿಂದ ಹೂಬಾಣದಂತೆ ಒಡೆಯುವ ಗಿಡ್ಡ ಕಿಡಿಗಳು. ಬೀಡು ಕಬ್ಬಿಣದಿಂದ ಮಂಕಾದ ಕೆಂಪು ಕಿಡಿಗಳು, ಅವೂ ಸ್ವಲ್ಪವೇ. ಬೀಡನ್ನು ಸಾಧಾರಣ ರಾಡಿನಿಂದ ಬೆಸೆದರೆ ಆರುವಾಗಲೇ ಸೀಳುತ್ತದೆ. ನಿಕಲ್ ರಾಡು ದುಬಾರಿ. ಆದ್ದರಿಂದ ಬೀಡಿನ ಭಾಗಗಳಿಗೆ ತೂತು ಕೊರೆದು ಬೋಲ್ಟು ಹಾಕುವುದೇ ಮೇಲು. ಕಮಾನ್ ಪಟ್ಟಿಯನ್ನು ಬೆಸೆಯಲೇಬೇಕಿದ್ದರೆ ಮೊದಲು ಚೆನ್ನಾಗಿ ಬಿಸಿಮಾಡಿ, 7018 ಎಂಬ ದರ್ಜೆಯ ಬೆಸುಗೆ ರಾಡನ್ನು ತೇವವಿಲ್ಲದಂತೆ ಬಳಸಿ, ಬೆಸೆದ ಮೇಲೆ ಒಣ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು. ಹಾಗಿದ್ದರೂ ಭಾರ ಹೊರುವ ಕಡೆ ಅದನ್ನು ಬಳಸಕೂಡದು.

ಜೀವಕ್ಕೆ ಅಪಾಯ ತರುವ ಸಾಮಾನುಗಳನ್ನು ಹೊಸ್ತಿಲಲ್ಲೇ ತಡೆಯಬೇಕು. ಪೆಟ್ರೋಲ್, ಡೀಸೆಲ್ ಟ್ಯಾಂಕುಗಳು ಎಷ್ಟು ವರ್ಷ ಖಾಲಿ ಬಿದ್ದಿದ್ದರೂ ಒಳಗಿನ ಆವಿ ಬೆಸುಗೆಯ ಕಿಡಿಗೆ ಸಿಡಿಯಬಲ್ಲದು. ಮುಚ್ಚಿದ ಶಾಕ್ ಅಬ್ಸಾರ್ಬರುಗಳನ್ನು ಬಿಸಿಮಾಡಿದರೆ ಒಳಗಿನ ಎಣ್ಣೆ ಮತ್ತು ಅನಿಲದ ಒತ್ತಡಕ್ಕೆ ಬಾಂಬಿನ ಹಾಗೆ ಒಡೆಯುತ್ತವೆ. ಬ್ಯಾಟರಿ, ಅಡುಗೆ ಅನಿಲದ ಸಿಲಿಂಡರು, ಹಳೆಯ ಬ್ರೇಕ್ ಲೈನಿಂಗುಗಳು ಬೇಡವೇ ಬೇಡ. ಸತುವಿನ ಲೇಪವಿರುವ ಪೈಪು, ತಗಡುಗಳನ್ನು ಹಾಗೆಯೇ ಬೆಸೆದರೆ ಬಿಳಿ ಹೊಗೆ ಎದ್ದು, ಅದನ್ನು ಉಸಿರಾಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಹಿಡಿಯುತ್ತದೆ. ಬೆಸೆಯುವ ಜಾಗದ ಲೇಪವನ್ನು ಉಜ್ಜಿ ತೆಗೆದು, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಬೇಕು. ಇದಕ್ಕೆಲ್ಲ ಬೆಲ್ಲ ತಿಂದು ಹಾಲು ಕುಡಿದರೆ ಸಾಕೆಂಬ ನಂಬಿಕೆ ನಮ್ಮ ವರ್ಕ್‌ಶಾಪುಗಳಲ್ಲಿದೆ. ಹಾಲು ಕುಡಿಯುವುದಕ್ಕೆ ಯಾರ ತಕರಾರೂ ಇಲ್ಲ, ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ.

ಅಸ್ಥಿಪಂಜರ

ಮೊದಲು ನಿಜವಾದ ಎತ್ತನ್ನು ನೋಡಬೇಕು. ಜಾತ್ರೆಯ ರಾಸುಗಳಲ್ಲಿ ಒಂದನ್ನು ಆರಿಸಿ, ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ ಫೋಟೊ ತೆಗೆದು, ಯಜಮಾನರ ಅಪ್ಪಣೆ ಪಡೆದು ಟೇಪಿನಿಂದ ಅಳತೆ ತೆಗೆದುಕೊಳ್ಳಬೇಕು. ಈ ಅಳತೆಗಳನ್ನು ಒಂದೂವರೆ ಪಟ್ಟು ಹಿಗ್ಗಿಸಿ ಗೋಡೆಯ ಮೇಲೋ ಸಿಮೆಂಟು ನೆಲದ ಮೇಲೋ ಸೀಮೆಸುಣ್ಣದಿಂದ ಪೂರ್ಣ ಗಾತ್ರದ ಚಿತ್ರ ಬರೆದುಕೊಂಡರೆ, ಮುಂದೆ ಪ್ರತಿಯೊಂದು ಪೈಪನ್ನೂ ಆ ಗೆರೆಯ ಮೇಲಿಟ್ಟೇ ಬಾಗಿಸಬಹುದು. ಬೆನ್ನೆಲುಬಿಗೂ ನಾಲ್ಕು ಕಾಲುಗಳಿಗೂ ಎರಡಂಗುಲದ ದಪ್ಪ ಗೋಡೆಯ ಕೊಳವೆಬಾವಿ ಪೈಪು, ಪಕ್ಕೆಲುಬುಗಳಿಗೆ 12 ಮಿ.ಮೀ. ಕಂಬಿ ಅಥವಾ ಗಾಡಿಚಕ್ರದ ಹಳಿಯನ್ನು ಕಡಿದ ಕಮಾನುಗಳು ಸಾಕಾಗುತ್ತವೆ. ತುಕ್ಕು ಹಿಡಿದು ಗೋಡೆ ತೆಳುವಾದ ಪೈಪನ್ನು ಸುತ್ತಿಗೆಯಿಂದ ತಟ್ಟಿ ನೋಡಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಅಸ್ಥಿಪಂಜರದ ವಿಷಯದಲ್ಲಿ ಮಾತ್ರ ಗುಜರಿಯ ಹಟ ಬೇಡ. ಒಳ್ಳೆಯ ಪೈಪು ಸಿಗದಿದ್ದರೆ ಹೊಸದನ್ನೇ ಕೊಳ್ಳಬೇಕು.

ನಾಲ್ಕು ಕಾಲುಗಳನ್ನೂ ನೇರವಾಗಿ ನೆಲಕ್ಕೆ ಹೂಳುವುದು ತಪ್ಪು. ನೀರು ನಿಲ್ಲುವ ಆ ಸಂದಿಯಲ್ಲೇ ಮೊದಲು ಕೊಳೆಯುತ್ತದೆ. ನಾಲ್ಕಂಗುಲದ ಚಾನೆಲ್ಲಿನಿಂದ, ಅಂದರೆ ಮೂರು ಬದಿಯ ಉಕ್ಕಿನ ತೊಲೆಯಿಂದ, ಆಯತಾಕಾರದ ಚೌಕಟ್ಟು ಮಾಡಿ, ಕಾಲುಗಳನ್ನು ಅದಕ್ಕೆ ಬೆಸೆದು, ಆ ಚೌಕಟ್ಟನ್ನು ಪೀಠದ ಬೋಲ್ಟುಗಳಿಗೆ ಕೂರಿಸುವುದೇ ಸರಿ. ಮುಂದೆ ದುರಸ್ತಿಗೆಂದು ಶಿಲ್ಪವನ್ನು ಬಿಚ್ಚಿ ಸಾಗಿಸಲೂ ಇದರಿಂದ ಅನುಕೂಲ. ಪೈಪುಗಳ ತುದಿಗಳನ್ನು ಮುಚ್ಚಿ ಬೆಸೆದರೂ, ಪ್ರತಿ ಕಾಲಿನ ಬುಡದಲ್ಲಿ 8 ಮಿ.ಮೀ. ತೂತೊಂದನ್ನು ಬಿಡಬೇಕು. ಒಳಗೆ ತೇವ ಸೇರುವುದನ್ನು ತಡೆಯಲಾಗದು, ಅದು ಹೊರಬರಲು ದಾರಿ ಕೊಡಬಹುದು ಅಷ್ಟೆ.

ಮೈ ಮತ್ತು ಮುಖ

ಮೈ ತುಂಬುವಾಗ ದೊಡ್ಡ ತುಂಡುಗಳಿಂದ ತೊಡಗಿ ಸಣ್ಣವುಗಳ ಕಡೆಗೆ ಹೋಗಬೇಕು. ತೊಡೆ ಮತ್ತು ಭುಜಗಳಿಗೆ ರೋಟವೇಟರಿನ ಬಾಗಿದ ಬ್ಲೇಡುಗಳು ಮಾಂಸಖಂಡದ ಹರಿವನ್ನು ಚೆನ್ನಾಗಿ ತೋರಿಸುತ್ತವೆ, ಆದರೆ ಎಲ್ಲ ಬ್ಲೇಡುಗಳ ಬಾಗೂ ಖಂಡ ಓಡುವ ದಿಕ್ಕಿನಲ್ಲೇ ಇರಬೇಕು. ಅಡ್ಡಾದಿಡ್ಡಿಯಾಗಿ ಅಂಟಿಸಿದರೆ ಎತ್ತಿನ ಬದಲು ಮುಳ್ಳುಹಂದಿ ಎದ್ದು ನಿಲ್ಲುತ್ತದೆ. ಸಾಮಾನ್ಯ ಜೋಡಣೆಗೆ 3.15 ಮಿ.ಮೀ. ದಪ್ಪದ 6013 ರಾಡು, 100ರಿಂದ 120 ಆಂಪಿಯರಿನಷ್ಟು ಕರೆಂಟು ಸಾಕು. ಎಲ್ಲವನ್ನೂ ಮೊದಲು ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ, ಹತ್ತಾರು ಹೆಜ್ಜೆ ದೂರ ಹೋಗಿ ನೋಡಿ, ಒಪ್ಪಿಗೆಯಾದ ಮೇಲಷ್ಟೇ ಪೂರ್ತಿ ಬೆಸೆಯಬೇಕು. ತುಂಡುಗಳ ನಡುವೆ ಅಲ್ಲಲ್ಲಿ ಖಾಲಿ ಬಿಡುವುದರಲ್ಲಿ ಸಂಕೋಚ ಬೇಡ. ಬೆಳಕು ಒಳಹೋಗಿ ಬರುವ ಶಿಲ್ಪ ಹಗುರವಾಗಿ ಕಾಣುತ್ತದೆ, ಗಾಳಿಯೂ ಹಾಯ್ದುಹೋಗುತ್ತದೆ. ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ ತೂಕ: 3 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 23.5 ಕೆ.ಜಿ. ತೂಗುತ್ತದೆ, ಈ ಗಾತ್ರದ ಎತ್ತು ಸುಲಭವಾಗಿ ಅರ್ಧ ಟನ್ನು ದಾಟುತ್ತದೆ.

ಮುಖಕ್ಕೆ ಮೈಯಷ್ಟೇ ಸಮಯ ಕೊಡಬೇಕು. ಹಳ್ಳಿಕಾರಿನ ಗುರುತಿರುವುದು ಉದ್ದನೆಯ ಕಿರಿದಾದ ಮುಖದಲ್ಲಿ ಮತ್ತು ಕೊಂಬುಗಳಲ್ಲಿ. ಕೊಂಬುಗಳು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಿಂದಲೇ ಹೊರಟು, ಅರ್ಧದವರೆಗೆ ನೇರವಾಗಿ ಹಿಂದಕ್ಕೆ ಚಾಚಿ, ಅಲ್ಲಿಂದ ಮೆಲ್ಲನೆ ಮುಂದಕ್ಕೆ ಬಾಗಿ ಚೂಪಾಗುತ್ತವೆ. ಇದಕ್ಕೆ ಸವೆದ ಹಾರೆಗಿಂತ ಒಳ್ಳೆಯ ವಸ್ತು ಇಲ್ಲ, ಏಕೆಂದರೆ ಅದರ ತುದಿ ತಾನಾಗಿಯೇ ಕೊಂಬಿನಂತೆ ಸಣ್ಣಗಾಗುತ್ತ ಬಂದಿರುತ್ತದೆ. ಎರಡು ಹಾರೆಗಳನ್ನು ಕಮ್ಮಾರರ ಕುಲುಮೆಗೆ ಒಯ್ದು, ನೆಲದ ಮೇಲೆ ಬರೆದ ಗೆರೆಗೆ ಸರಿಯಾಗಿ ಒಟ್ಟಿಗೇ ಕಾಯಿಸಿ ಬಾಗಿಸಿದರೆ ಎಡಬಲ ಹೊಂದುತ್ತವೆ. ಬುಡ ದಪ್ಪಗಾಗಲು ಅಳತೆ ಇಳಿಯುತ್ತ ಹೋಗುವ ಬೇರಿಂಗ್ ಬಳೆಗಳನ್ನು ತೊಡಿಸಬಹುದು. ನಿಜವಾದ ಕೊಂಬಿನ ಬುಡದ ಉಂಗುರಗಳಂತೆಯೇ ಅವು ಕಾಣುತ್ತವೆ. ಹಣೆಗೆ ಮತ್ತು ಮೂಗಿನ ದಿಂಡಿಗೆ ಕಬ್ಬಿಣದ ನೇಗಿಲ ಕುಳ, ಕೆನ್ನೆಗೆ ಕುಡದ ತುಂಡು, ಕಿವಿಗೆ ಸಲಿಕೆಯ ಎಲೆ, ಮೂಗಿನ ಹೊಳ್ಳೆಗೆ ದೊಡ್ಡ ನಟ್ಟು. ಕಣ್ಣು ಮಾತ್ರ ಎಚ್ಚರದ ಕೆಲಸ. ಬೇರಿಂಗಿನ ಗುಂಡನ್ನು ಬರಿದೆ ಅಂಟಿಸಿದರೆ ಎತ್ತು ಗಾಬರಿಯಿಂದ ಕಣ್ಣರಳಿಸಿದಂತೆ ಕಾಣುತ್ತದೆ. ಗುಂಡನ್ನು ಒಳಕ್ಕೆ ಹುದುಗಿಸಿ, ಮೇಲಿನ ರೆಪ್ಪೆಯಾಗಿ ಕುಡುಗೋಲಿನ ಬಾಗಿದ ತುಂಡೊಂದನ್ನು ಸ್ವಲ್ಪ ಮುಂದಕ್ಕೆ ಚಾಚಿಸಿ ಬೆಸೆದರೆ ನೆರಳು ಬಿದ್ದು ನೋಟಕ್ಕೆ ಸಾಧುತನ ಬರುತ್ತದೆ. ಗಂಗೆದೊಗಲಿಗೆ ಮೋಟಾರುಸೈಕಲ್ಲಿನ ಚೈನುಗಳನ್ನು ಸಾಲಾಗಿ ಇಳಿಬಿಡಬೇಕು, ಆದರೆ ಕೊಂಡಿಗಳನ್ನೆಲ್ಲ ಹಿಂದಿನಿಂದ ಬೆಸೆದು ಬಿಗಿಗೊಳಿಸಬೇಕು. ಜೋತಾಡುವ ಚೈನಿಗೆ ಮಕ್ಕಳ ಬೆರಳು ಸಿಲುಕುವುದು ಖಂಡಿತ.

ಮಕ್ಕಳು ಹತ್ತಿಯೇ ಹತ್ತುತ್ತಾರೆ

ಹತ್ತಬಾರದೆಂಬ ಫಲಕ ಹಾಕುವುದು ವ್ಯರ್ಥ. ನೆಲದಿಂದ 7 ಅಡಿಯವರೆಗಿನ ಪ್ರತಿಯೊಂದು ಅಂಚನ್ನೂ ಗ್ರೈಂಡರಿನಿಂದ ದುಂಡಗೆ ಮಾಡಿ, ಹಳೆಯ ಬಟ್ಟೆಯೊಂದನ್ನು ಮೈಮೇಲೆಲ್ಲ ಎಳೆದು ನೋಡಬೇಕು. ಬಟ್ಟೆ ಸಿಕ್ಕಿಕೊಂಡ ಕಡೆ ಮತ್ತೆ ಉಜ್ಜಬೇಕು. ಸುಮಾರು 9ರಿಂದ 23 ಸೆಂ.ಮೀ. ಅಗಲದ ಸಂದಿಗಳಲ್ಲಿ ಮಗುವಿನ ಮೈ ತೂರಿ ತಲೆ ಸಿಲುಕುವ ಅಪಾಯವಿರುವುದರಿಂದ ಅಂಥವನ್ನು ಮುಚ್ಚಬೇಕು. ಕೊಂಬಿನ ತುದಿ ಕೈಗೆ ಎಟುಕುವಂತಿದ್ದರೆ ಅಲ್ಲಿ ಎತ್ತಿನ ಕೊಂಬಿಗೆ ತೊಡಿಸುವ ಹಿತ್ತಾಳೆಯ ಕಳಸವನ್ನೇ ತೊಡಿಸಿ ಮೊಳೆಯಿಂದ ಭದ್ರಪಡಿಸಬಹುದು. ಅಂದವೂ ಆಯಿತು, ಚೂಪೂ ಮುಚ್ಚಿತು. ಕಲಬುರಗಿ, ರಾಯಚೂರು ಕಡೆಯ ಬಿಸಿಲಿನಲ್ಲಿ ಮಧ್ಯಾಹ್ನ ಲೋಹ ಮುಟ್ಟಲಾಗದಷ್ಟು ಕಾಯುತ್ತದೆ, ಆದ್ದರಿಂದ ಆ ಭಾಗದಲ್ಲಿ ಹೊಂಗೆಯದೋ ಬೇವಿನದೋ ನೆರಳಿರುವ ಜಾಗ ಆರಿಸಿಕೊಳ್ಳುವುದು ಕ್ಷೇಮ.

ಪೀಠ, ಗಾಳಿ, ಸಾಗಾಟ

ಗಾಳಿಯ ಲೆಕ್ಕ ಕಷ್ಟದ್ದಲ್ಲ. ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗವನ್ನು ಸೆಕೆಂಡಿಗೆ 33 ಮೀಟರ್ ಎಂದು ಇಟ್ಟಿದ್ದಾರೆ. ಆ ವೇಗದಲ್ಲಿ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದರೆ 65 ಕೆ.ಜಿ. ತೂಕದಷ್ಟು ಒತ್ತುತ್ತದೆ. ಎತ್ತಿನ ಪಕ್ಕದ ಮೈ 3 ಚದರ ಮೀಟರ್ ಇದ್ದರೆ ಒಟ್ಟು 200 ಕೆ.ಜಿ.ಯಷ್ಟು ಬಲ ಅಡ್ಡಲಾಗಿ ಬೀಳುತ್ತದೆ. 8 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಆಳದ ಕಾಂಕ್ರೀಟ್ ಪೀಠವೇ ಮೂರು ಟನ್ನಿಗಿಂತ ಹೆಚ್ಚು ತೂಗುವುದರಿಂದ ಇದು ಅಲುಗದು. ಆದರೆ ರೆಕ್ಕೆ ಬಿಚ್ಚಿದ ರಣಹದ್ದನ್ನೋ ಒಂಟಿ ಕಾಲಿನ ಕೊಕ್ಕರೆಯನ್ನೋ ನಿಲ್ಲಿಸುವವರು ಸಿವಿಲ್ ಎಂಜಿನಿಯರರಿಂದ ಪ್ರತ್ಯೇಕ ಲೆಕ್ಕ ಮಾಡಿಸಲೇಬೇಕು. ಎರೆಮಣ್ಣಿನ ಸೀಮೆಯಲ್ಲಿ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಕಪ್ಪು ಮಣ್ಣನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿದ ಮೇಲೆಯೇ ಕಾಂಕ್ರೀಟ್ ಹಾಕಬೇಕು. 20 ಮಿ.ಮೀ. ಬೋಲ್ಟುಗಳನ್ನು ಕೂರಿಸುವಾಗ ಚೌಕಟ್ಟಿನದೇ ತೂತುಗಳಿರುವ ಹಲಗೆಯ ಮಾದರಿ ಬಳಸಿದರೆ ಆಮೇಲೆ ತಡಕಾಡುವ ಕಷ್ಟ ತಪ್ಪುತ್ತದೆ. ಸಾಗಿಸುವ ಮುನ್ನ ದಾರಿಯಲ್ಲಿರುವ ವಿದ್ಯುತ್ ತಂತಿಗಳ ಎತ್ತರವನ್ನು ನೋಡಿಕೊಂಡು ಬರಬೇಕು. ಟ್ರೈಲರಿನ ಮೇಲೆ ನಿಂತ ಎತ್ತಿನ ಕೊಂಬು ನೆಲದಿಂದ 13 ಅಡಿಗೂ ಮೇಲಿರಬಹುದು.

ತುಕ್ಕೇ, ಬಣ್ಣವೇ

ತುಕ್ಕಿನ ಬಣ್ಣ ಚೆಂದವೆಂದು ಹಾಗೆಯೇ ಬಿಡುವವರಿದ್ದಾರೆ. ತಾಮ್ರ, ಕ್ರೋಮಿಯಂ ಬೆರೆಸಿದ ಕಾರ್ಟನ್ ಉಕ್ಕಿನಲ್ಲಿ ತುಕ್ಕಿನ ಪದರವೇ ಒಳಗಿನ ಲೋಹಕ್ಕೆ ರಕ್ಷೆಯಾಗುತ್ತದೆ. ನಮ್ಮ ಗುಜರಿ ಆ ಜಾತಿಯದಲ್ಲ, ಅದು ಪದರಪದರವಾಗಿ ಉದುರುತ್ತಲೇ ಹೋಗುತ್ತದೆ. ಒಣ ಬಯಲುಸೀಮೆಯಲ್ಲಿ ದಪ್ಪ ತುಂಡುಗಳ ಶಿಲ್ಪಕ್ಕೆ ಸಡಿಲ ತುಕ್ಕನ್ನು ತಂತಿಬ್ರಷ್ಷಿನಿಂದ ತೆಗೆದು, ಬೇಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ವರ್ಷಕ್ಕೊಮ್ಮೆ ಸವರಿದರೆ ನಡೆಯುತ್ತದೆ. ಮಲೆನಾಡಿನ ಮಳೆಗೆ ಸತುವಿನ ಎಪಾಕ್ಸಿ ಪ್ರೈಮರ್ ಮತ್ತು ಅದರ ಮೇಲೆ ಪಾಲಿಯುರೆಥೇನ್ ಬಣ್ಣ ಬೇಕೇ ಬೇಕು. ಕಾರವಾರದಿಂದ ಮಂಗಳೂರಿನವರೆಗಿನ ಕಡಲಂಚಿನಲ್ಲಿ ಉಪ್ಪುಗಾಳಿಯ ಮುಂದೆ ಅದೂ ಹೆಚ್ಚು ಕಾಲ ನಿಲ್ಲದು. ಬಣ್ಣ ಹಾಕುವುದಾದರೆ ಬೂದು, ಗಾಢ ಕಂದು ಇಂಥ ಒಂದೇ ಬಣ್ಣವಿರಲಿ; ಬಿಡಿಭಾಗಗಳ ಗುರುತು ಅಳಿಸುವ ಹಾಗೆ ಬೆಳ್ಳಿಬಣ್ಣ ಬಳಿಯುವುದಾದರೆ ಗುಜರಿ ಕೂಡಿಸಿದ್ದೇ ದಂಡ. ತುಕ್ಕಿನ ನೀರು ಇಳಿದು ಪೀಠ ಕಲೆಯಾಗುವುದರಿಂದ ಮೇಲ್ಮೈಗೆ ಕಪ್ಪು ಕಡಪ ಕಲ್ಲು ಹಾಸುವುದು ಒಳ್ಳೆಯದು.

ನಿರ್ವಹಣೆ ಎಂಬುದು ಎರಡು ಕೆಲಸ. ಮುಂಗಾರಿಗೆ ಮುಂಚೆ ಕಾಲಿನ ಬುಡದ ತೂತುಗಳನ್ನು ತಂತಿಯಿಂದ ಬಿಡಿಸಿ, ಬೋಲ್ಟುಗಳನ್ನು ಪಾನಾ ಹಾಕಿ ಬಿಗಿಮಾಡುವುದು ಒಂದು. ಮಳೆ ನಿಂತ ಮೇಲೆ ಬೆಸುಗೆಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಬಂದು, ಟಣ್ಣೆನ್ನದೆ ಬೊದ್ದೆನ್ನುವ ಕಡೆ ಗುರುತು ಹಾಕಿ ಮತ್ತೆ ಬೆಸೆಯುವುದು, ಹೊಟ್ಟೆಯೊಳಗೆ ಕಣಜ ಗೂಡು ಕಟ್ಟಿದ್ದರೆ ತೆಗೆಸುವುದು ಇನ್ನೊಂದು. ಇವೆರಡಕ್ಕೂ ಊರಿನ ಒಬ್ಬ ವೆಲ್ಡರನ್ನು ಸಣ್ಣ ವಾರ್ಷಿಕ ಸಂಭಾವನೆಯ ಮೇಲೆ ಗೊತ್ತುಮಾಡಿ, ಆ ಹಣವನ್ನು ಸ್ಥಳೀಯ ಸಂಸ್ಥೆಯ ಆಯವ್ಯಯದಲ್ಲಿ ಮೊದಲ ವರ್ಷದಿಂದಲೇ ತೋರಿಸಬೇಕು. ಸಂತೆಯ ದಿನ ಬರೆದುಕೊಂಡ ಪುಸ್ತಕದ ಒಂದು ಪ್ರತಿ, ಭಾಗಗಳಿಗೆ ಅಂಕಿ ಹಾಕಿದ ಫೋಟೊಗಳ ಜೊತೆಗೆ, ಗ್ರಂಥಾಲಯದಲ್ಲಿರಲಿ. ಯಾವುದಾದರೂ ತುಂಡು ಉದುರಿದಾಗ ಅದು ಯಾರ ಮನೆಯ ಕುಡ, ಬದಲಿಗೆ ಅಂಥದೇ ಇನ್ನೊಂದನ್ನು ಎಲ್ಲಿ ಕೇಳಬೇಕು ಎಂಬುದು ವೆಲ್ಡರಿಗೆ ತಿಳಿಯಬೇಕಲ್ಲ.